ನನ್ನ ಲಾಗಿನ್‌ನಲ್ಲಿ ಬದಲಾದ ಉತ್ತರಗಳು

ಒಂಬತ್ತು ವರ್ಷ ನನ್ನ ಕೆಲಸ ನೋಡುವುದಾಗಿತ್ತು. ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನ ಹಿಂಬದಿಯಲ್ಲಿ, ಹೊಸ ಔಷಧಿ ಹುಡುಕುವ ಒಂದು ಸಣ್ಣ ಕಂಪನಿಯ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು, ಅದರ ತುಂಬ ಮುನ್ನೂರ ಎಂಬತ್ತನಾಲ್ಕು ಪುಟ್ಟ ಗುಳಿಗಳು. ಪ್ರತಿ ಗುಳಿಯಲ್ಲೂ ಜೀವಂತ ಕೋಶಗಳು. ಅವಕ್ಕೆ ಡೆಂಗಿ ವೈರಸ್ ತಗುಲಿಸಿ, ಒಂದೊಂದು ಗುಳಿಗೆ ಒಂದೊಂದು ಔಷಧಿ ಹಾಕಿ, ಮೂರು ದಿನ ಬಿಟ್ಟು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಬೇಕು. ಚೆನ್ನಾಗಿರುವ ಕೋಶಗಳು ಕಲ್ಲುಚಪ್ಪಡಿ ಹಾಸಿದ ನೆಲದಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ವೈರಸ್ ಹಿಡಿದವು ಮುದುಡಿ, ಗುಂಡಗಾಗಿ, ನೆಲ ಬಿಟ್ಟು ತೇಲುತ್ತವೆ. ಅಲ್ಲಲ್ಲಿ ತೂತು ಬೀಳುತ್ತದೆ. ವೈರಸ್ ಹಾಕಿದ ಮೇಲೂ ನೆಲ ಹಾಗೇ ಉಳಿದಿದ್ದರೆ ಆ ಗುಳಿಯ ಔಷಧಿಯಲ್ಲಿ ಏನೋ ಇದೆ ಎಂದು ಅರ್ಥ. ದಿನಕ್ಕೆ ಮೂರು ಪ್ಲೇಟು ನೋಡಿದರೆ ಕಣ್ಣು ಉರಿಯುತ್ತಿತ್ತು. ವಾರವೆಲ್ಲ ನೋಡಿದರೆ ಒಂದೋ ಎರಡೋ ಗುಳಿ ಸಿಗುತ್ತಿದ್ದವು. ಎಷ್ಟೋ ವಾರ ಅದೂ ಇಲ್ಲ.

ಡೆಂಗಿ ನನಗೆ ಪುಸ್ತಕದ ಕಾಯಿಲೆಯಲ್ಲ. ಮಗಳಿಗೆ ಎರಡು ವರ್ಷವಿದ್ದಾಗ ಟಿ. ದಾಸರಹಳ್ಳಿಯ ನಮ್ಮ ಗಲ್ಲಿಯಲ್ಲಿ ಮನೆಮನೆಗೂ ಅದು ಬಂದಿತ್ತು. ಡ್ರಮ್ಮಿನಲ್ಲಿ ನೀರು ಹಿಡಿದಿಡದೆ ಬದುಕಲಾಗದ ಗಲ್ಲಿ ಅದು. ನನ್ನ ಮಗಳು ನಾಲ್ಕು ದಿನ ನರ್ಸಿಂಗ್ ಹೋಮಿನಲ್ಲಿ ಕಣ್ಣು ಬಿಡದೆ ಮಲಗಿದ್ದಳು. "ಇದಕ್ಕೆ ಅಂತ ಔಷಧಿ ಇಲ್ಲಮ್ಮ, ಡ್ರಿಪ್ ಹಾಕಿ ಕಾಯ್ಬೇಕು ಅಷ್ಟೇ" ಎಂದಿದ್ದರು ಡಾಕ್ಟರು. ಕಾಯುವುದೊಂದೇ ಉಪಾಯವೆಂದು ಕೇಳಿದ ತಾಯಿ ನಾನು. ಮರುವರ್ಷ ಇಂಥ ಲ್ಯಾಬಿನಲ್ಲಿ ಕೆಲಸ ಖಾಲಿಯಿದೆ ಎಂದು ಗೊತ್ತಾದಾಗ ದೂರ, ಸಂಬಳ ಯಾವುದನ್ನೂ ಯೋಚಿಸದೆ ಅರ್ಜಿ ಹಾಕಿದೆ.

ನನ್ನನ್ನು ಸೇರಿಸಿಕೊಂಡವರು ಆ ಲ್ಯಾಬಿನ ಮುಖ್ಯಸ್ಥೆ. ನನಗಿಂತ ಎಂಟು ವರ್ಷ ದೊಡ್ಡವರು. ಅದಕ್ಕೂ ಮೊದಲು ಹೋದ ಕಡೆಯೆಲ್ಲ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮೂರು ವರ್ಷ ಗ್ಯಾಪ್ ಇದೆಯಲ್ಲ, ಏನ್ ಮಾಡ್ತಿದ್ರಿ?" ಮಗು ಸಾಕುತ್ತಿದ್ದೆ ಎಂದರೆ ಮುಖ ಸಪ್ಪಗಾಗುತ್ತಿತ್ತು. ಇವರು ಏನನ್ನೂ ಕೇಳಲಿಲ್ಲ. ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, "ಏನ್ ಕಾಣ್ಸುತ್ತೆ ಹೇಳಿ" ಎಂದರು. ನಾನು ಬಹಳ ಹೊತ್ತು ನೋಡಿ, "ಎಡಗಡೆ ಮೂಲೇಲಿರೋವು ಯಾಕೋ ಸುಸ್ತಾದಂಗಿವೆ ಮೇಡಂ" ಎಂದೆ. ಅವರು ನಕ್ಕು, "ಸುಸ್ತು ಅನ್ನೋ ಪದ ನಮ್ಮ ಪ್ರೋಟೊಕಾಲ್‌ನಲ್ಲಿ ಇಲ್ಲ. ಆದ್ರೆ ಸರಿಯಾಗೇ ಹೇಳಿದ್ರಿ. ಸೋಮವಾರದಿಂದ ಬನ್ನಿ" ಎಂದರು.

ಮೊದಲ ವರ್ಷ ಅವರು ಮೇಡಂ. ಎರಡನೇ ವರ್ಷದ ಹೊತ್ತಿಗೆ ಅಕ್ಕ. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟ ಮಾಡುತ್ತಿದ್ದೆವು. ನನ್ನ ಡಬ್ಬಿಯ ಹುಳಿಸೊಪ್ಪಿಗೆ ಅವರು ಕೈ ಹಾಕುತ್ತಿದ್ದರು, ಅವರ ಡಬ್ಬಿಯ ಚಪಾತಿಗೆ ನಾನು. ನನ್ನ ಮಗಳ ಹುಟ್ಟುಹಬ್ಬಕ್ಕೆ ವೈಟ್‌ಫೀಲ್ಡಿನಿಂದ ದಾಸರಹಳ್ಳಿಯವರೆಗೆ ಬಂದು, ನೆಲದ ಮೇಲೆ ಕೂತು, ಎರಡು ಸಲ ಪಾಯಸ ಹಾಕಿಸಿಕೊಂಡಿದ್ದರು. ಮಗಳು ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದಳು. ನನಗೆ ಒಡಹುಟ್ಟಿದ ಅಕ್ಕ ಇಲ್ಲ.

ಅಮ್ಮನಿಗೆ ಲಕ್ವ ಹೊಡೆದು ನಾನು ಆಸ್ಪತ್ರೆಯಲ್ಲಿದ್ದಾಗ ಅಕ್ಕ ಫೋನ್ ಮಾಡಿದರು. ನಾನು ನೋಡಿ ಮುಗಿಸಿದ್ದ ಎರಡು ಪ್ಲೇಟುಗಳ ಉತ್ತರ ಇನ್ನೂ ಕಂಪ್ಯೂಟರಿಗೆ ಹಾಕಿರಲಿಲ್ಲ.

"ಅಕ್ಕ, ನಾಳೆ ಒಂದ್ ಗಂಟೆ ಬಂದು ಎಂಟ್ರಿ ಮಾಡಿ ಹೋಗ್ತೀನಿ" ಎಂದೆ.

"ಹುಚ್ಚೀನಾ ನೀನು? ಅಮ್ಮನ ಹತ್ರ ಇರು. ನೀನು ಬರ್ದಿಟ್ಟಿರೋ ಶೀಟ್ ನನ್ನ ಹತ್ರ ಇದೆ. ಪಾಸ್‌ವರ್ಡ್ ಹೇಳು, ನಾನೇ ಹಾಕ್ತೀನಿ."

ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಹೇಳಿದೆ. ಮಗಳ ಹೆಸರು, ಅದರ ಮುಂದೆ ಅವಳು ಹುಟ್ಟಿದ ವರ್ಷ. ಆವತ್ತು ಸಂಜೆ ಅಕ್ಕ ಫ್ಲಾಸ್ಕಿನಲ್ಲಿ ಗಂಜಿ ತಂದು ಅಮ್ಮನಿಗೆ ಚಮಚದಲ್ಲಿ ಕುಡಿಸಿದರು. ಆಮೇಲೆ ಆ ಪಾಸ್‌ವರ್ಡ್ ಬದಲಾಯಿಸಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಮುಂದೆ ಲ್ಯಾಬಿಗೆ ಕ್ಯಾಮೆರಾ ಇರುವ ದೊಡ್ಡ ಯಂತ್ರ ಬಂತು. ಕೋಶದ ನಡುವಿನ ಕೇಂದ್ರಕ್ಕೆ ನೀಲಿ ಬಣ್ಣ, ವೈರಸ್ ಇರುವಲ್ಲಿ ಹಸಿರು ಬಣ್ಣ ಹತ್ತಿಸಿಟ್ಟರೆ ಅದು ತಾನೇ ಗುಳಿಯಿಂದ ಗುಳಿಗೆ ಸರಿಯುತ್ತ ಚಿತ್ರ ತೆಗೆಯುತ್ತಿತ್ತು. ಆ ಚಿತ್ರಗಳನ್ನು ನೋಡಿ ಉತ್ತರ ಹೇಳುವುದನ್ನೂ ಕಂಪ್ಯೂಟರಿಗೆ ಕಲಿಸಬೇಕೆಂದು ಒಬ್ಬ ಎಂಜಿನಿಯರನ್ನು ಕರೆತಂದರು. ಬಾಗಲಕೋಟೆ ಕಡೆಯವರು, ಸುಮಾರು ನನ್ನದೇ ವಯಸ್ಸು, ಮೆಲು ಮಾತು.

"ಮಷೀನಿಗೆ ಏನೂ ಗೊತ್ತಿಲ್ರಿ ಮೇಡಂ" ಎಂದರು ಮೊದಲ ದಿನ. "ನೀವು ಹೂಂ ಅಂದಿದ್ದಕ್ಕ ಹೂಂ ಅಂತದ, ಊಹೂಂ ಅಂದಿದ್ದಕ್ಕ ಊಹೂಂ ಅಂತದ. ನಿಮ್ಮ ಉತ್ತರ ಎಷ್ಟು ಚಲೋ ಇರ್ತದ, ಅದೂ ಅಷ್ಟೇ ಚಲೋ."

ಪರದೆಯ ಮೇಲೆ ಒಂದೊಂದೇ ಚಿತ್ರ ಬರುತ್ತಿತ್ತು. ಕೆಳಗೆ ನಾಲ್ಕು ಗುಂಡಿ: ಔಷಧಿ ಕೆಲಸ ಮಾಡಿದೆ, ವೈರಸ್ ಗೆದ್ದಿದೆ, ಔಷಧಿಯೇ ಕೋಶಕ್ಕೆ ವಿಷವಾಗಿದೆ, ಹೇಳಲಾಗದು. ಸುಮಾರು ಒಂದು ವರ್ಷ ನಾನು ಆ ಗುಂಡಿಗಳನ್ನು ಒತ್ತಿದೆ. ಬೆಳಿಗ್ಗೆ ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಊರಿನ ಆ ತುದಿಯಿಂದ ಈ ತುದಿಗೆ ಬರುವಷ್ಟು ಹೊತ್ತೂ ಕಣ್ಣು ಮುಚ್ಚಿದರೆ ನೀಲಿ ಹಸಿರು ಚುಕ್ಕೆಗಳೇ. ಜೊತೆಯವರು ಕೆಣಕುತ್ತಿದ್ದರು, "ಅದಕ್ಕೆ ಪೂರ್ತಿ ಕಲಿಸ್ಬಿಟ್ರೆ ನಿಮ್ಗೇನ್ ಕೆಲ್ಸ ಉಳಿಯುತ್ತೆ?" ನಾನು ಅದನ್ನೇ ಅಕ್ಕನ ಹತ್ತಿರ ಕೇಳಿದ್ದೆ. "ಅದು ಓಡುತ್ತೆ, ತಪ್ಪಿದಾಗ ನೀನು ಹಿಡೀತೀಯ. ನಾನಿರೋವರ್ಗೂ ನಿಂಗೇನೂ ಆಗಲ್ಲ ಕಣೇ" ಎಂದರು. ಅಷ್ಟು ಸಾಕಾಗಿತ್ತು.

ಮೊದಲ ಪರೀಕ್ಷೆಯಲ್ಲಿ ಯಂತ್ರ ಬಹುತೇಕ ಎಲ್ಲವನ್ನೂ ಸರಿ ಹೇಳಿತು. ಎಲ್ಲರೂ ಸಂಭ್ರಮದಲ್ಲಿದ್ದಾಗ ನನಗೆ ಮಾತ್ರ ಅದು ಹೇಳುವ ರೀತಿ ಸರಿ ಕಾಣಲಿಲ್ಲ. ಕಷ್ಟದ ಚಿತ್ರವನ್ನೂ ಸುಲಭದ ಚಿತ್ರವನ್ನೂ ಒಂದೇ ಧೈರ್ಯದಲ್ಲಿ ಹೇಳುತ್ತಿತ್ತು. ಎರಡು ದಿನ ಕೂತು ನೋಡಿದ ಮೇಲೆ ಹೊಳೆಯಿತು. ಔಷಧಿಯಿಲ್ಲದೆ ಬರೀ ವೈರಸ್ ಹಾಕುವ ಗುಳಿಗಳನ್ನು ನಾವು ಯಾವಾಗಲೂ ಪ್ಲೇಟಿನ ಅಂಚಿನ ಸಾಲಿನಲ್ಲೇ ಇಡುತ್ತಿದ್ದೆವು. ಅಂಚಿನಲ್ಲಿ ನೀರು ಬೇಗ ಆರಿ ಚಿತ್ರದ ಒಂದು ಬದಿ ಕೊಂಚ ಕಪ್ಪಾಗುತ್ತಿತ್ತು. ಯಂತ್ರ ಕೋಶವನ್ನು ನೋಡುವುದು ಬಿಟ್ಟು ಆ ಕಪ್ಪನ್ನೇ ಕಾಯಿಲೆಯೆಂದು ಕಲಿತುಬಿಟ್ಟಿತ್ತು. ಗುಳಿಗಳ ಜಾಗ ಅದಲುಬದಲು ಮಾಡಿ ಕೊಟ್ಟರೆ ಅದಕ್ಕೆ ಏನೂ ತಿಳಿಯಲಿಲ್ಲ. ಎಂಜಿನಿಯರ್ ಕೈಮುಗಿದರು. ಅಕ್ಕ ನನ್ನ ಭುಜ ಹಿಡಿದು ಕಂಪನಿಯ ನಿರ್ದೇಶಕರ ಮುಂದೆ ನಿಲ್ಲಿಸಿ, "ಕಂಡುಹಿಡಿದಿದ್ದು ಇವಳು ಸಾರ್" ಎಂದರು. ಮತ್ತೆ ಕೆಲವು ತಿಂಗಳು ಹೊಸದಾಗಿ ಕಲಿಸಿದೆವು. ಆಮೇಲೆ ಅದು ನಿಜವಾಗಿಯೂ ನೋಡತೊಡಗಿತು. ನಾವು ಒಂದು ವಾರ ತೆಗೆದುಕೊಳ್ಳುತ್ತಿದ್ದ ಪ್ಲೇಟುಗಳನ್ನು ಬೆಳಗಿನ ಟೀಗೆ ಮೊದಲು ಇಟ್ಟರೆ ಊಟದ ಹೊತ್ತಿಗೆ ಮುಗಿಸಿಡುತ್ತಿತ್ತು. ಅದರ ಸಾಲು ಸಾಲು ಉತ್ತರಗಳಲ್ಲಿ ನನ್ನ ಉತ್ತರವನ್ನೇ ಕಂಡು ನಾನು ಒಬ್ಬಳೇ ನಗುತ್ತಿದ್ದೆ. ಅದು ಒಳ್ಳೆಯದೆಂದ ಗುಳಿಗಳನ್ನು ನಾನು ಮತ್ತೆ ನೋಡಿ ಗುಂಡಿ ಒತ್ತುತ್ತಿದ್ದೆ, ಅದನ್ನೂ ಅದು ಕಲಿತುಕೊಳ್ಳುತ್ತಿತ್ತು.

ಆಗ ಆ ಮಾತ್ರೆ ಬಂತು. ಬೇರೆ ಯಾವುದೋ ಕಾಯಿಲೆಗೆ ಈಗಾಗಲೇ ಬಳಕೆಯಲ್ಲಿರುವ ಹಳೆಯ ಮಾತ್ರೆ. ಡೆಂಗಿಗೂ ಆದೀತೇ ಎಂದು ನಲವತ್ತು ಗುಳಿಗಳಲ್ಲಿ ಹಾಕಿದ್ದೆವು. ಯಂತ್ರ ಅದಕ್ಕೆ ಬಹಳ ಒಳ್ಳೆಯ ಅಂಕ ಕೊಟ್ಟಿತು. ಹಸಿರು ಹೆಚ್ಚುಕಡಿಮೆ ಇರಲೇ ಇಲ್ಲ. ನಾನು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕೋಶಗಳ ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ.

"ಅಕ್ಕ, ಇದು ಸರಿ ಇಲ್ಲ. ಗುಳ್ಳೆ ನೋಡಿ" ಎಂದು ಕರೆದು ತೋರಿಸಿದೆ.

"ಹಸಿರೇ ಇಲ್ವಲ್ಲೇ?"

"ಹಸಿರಿಲ್ಲ ನಿಜ. ನೀಲೀನೂ ಕಮ್ಮಿ ಇದೆಯಲ್ಲ ಅಕ್ಕ. ಸೆಲ್ಲೇ ಹದಗೆಟ್ಟಿದೆ. ಹದಗೆಟ್ಟಿರೋ ಸೆಲ್‌ನಲ್ಲಿ ವೈರಸ್ ಹೆಂಗೆ ಬೆಳೆಯುತ್ತೆ? ಔಷಧಿ ವೈರಸ್‌ನ ಕೊಂದಿದ್ದಲ್ಲ ಇದು."

ಅವರು ಪರದೆಗೆ ಮುಖ ಹತ್ತಿರ ತಂದು ನೋಡಿದರು. ಅವರಿಗೂ ಕಂಡಿತು. ಕಂಡಿತೆಂದು ನನಗೆ ಗೊತ್ತು, ಏಕೆಂದರೆ ಕೆಳತುಟಿ ಕಚ್ಚಿಕೊಂಡರು. ಏನಾದರೂ ಕೆಟ್ಟದ್ದು ಕಂಡಾಗ ಅವರು ಹಾಗೇ ಮಾಡುವುದು.

"ನಿಂಗೆ ಕಂಡಿದ್ದನ್ನ ಹಾಕು" ಎಂದರು.

ನಲವತ್ತಕ್ಕೂ "ಔಷಧಿಯೇ ವಿಷ" ಎಂದು ಒತ್ತಿ, ಎರಡು ದಿನ ರಜೆ ಹಾಕಿ ನಾದಿನಿಯ ಮದುವೆಗೆ ತುಮಕೂರಿಗೆ ಹೋದೆ.

ಮುಂದಿನ ವಾರ ನಮ್ಮ ಕೆಲಸ ನೋಡಲು ಒಂದು ದೊಡ್ಡ ಔಷಧಿ ಕಂಪನಿಯವರು ಬಂದರು. ಅವರು ಜೊತೆ ಸೇರಿದರೆ ಪ್ರಾಜೆಕ್ಟ್ ಮುಂದುವರಿಯುತ್ತದೆ, ಇಲ್ಲವಾದರೆ ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅಕ್ಕ ತೋರಿಸಿದ ಸ್ಲೈಡಿನಲ್ಲಿ ಮೊದಲ ಸ್ಥಾನದಲ್ಲಿ ಅದೇ ಮಾತ್ರೆ ಇತ್ತು. ಹೊರಗೆ ಬಂದಾಗ ಕೇಳಿದೆ, "ಅಕ್ಕ, ಆ ಗುಳ್ಳೆ ವಿಷ್ಯ?"

"ರೀಚೆಕ್ ಆಗಿದೆ. ನೀನು ತಲೆ ಕೆಡಿಸ್ಕೋಬೇಡ."

ಅಕ್ಕ ಹೇಳಿದ ಮೇಲೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಒಳಗೆ ಆ ಕಂಪನಿಯವರು ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದ್ದೆ.

ಆರು ತಿಂಗಳಾದ ಮೇಲೆ ಆ ದೊಡ್ಡ ಕಂಪನಿಯ ಲ್ಯಾಬಿನಿಂದ ಸುದ್ದಿ ಬಂತು. ಮಾತ್ರೆ ಇಲಿಗಳ ಮೇಲೆ ಏನೂ ಕೆಲಸ ಮಾಡಲಿಲ್ಲ. ಮನುಷ್ಯರ ಕೋಶಗಳಲ್ಲಿ ಬರೀ ಗುಳ್ಳೆ. ಹೀಗಾದದ್ದು ಹೇಗೆಂದು ವಿಚಾರಿಸಲು ಮೀಟಿಂಗ್ ಕರೆದರು. ಹತ್ತು ಹನ್ನೆರಡು ಜನ ಕೂತಿದ್ದರು. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಸ್ವಲ್ಪ ಹೆಮ್ಮೆಯಿಂದಲೇ ಕೂತಿದ್ದೆ. ಹೇಳಬೇಕಾದ್ದನ್ನು ಮೊದಲೇ ಹೇಳಿದವಳು ನಾನು ತಾನೇ? ಅಕ್ಕ ಅದನ್ನು ಹೇಳುತ್ತಾರೆ ಎಂದುಕೊಂಡಿದ್ದೆ.

ಪರದೆಯ ಮೇಲೆ ನಲವತ್ತು ಗುಳಿಗಳ ಪಟ್ಟಿ ಬಂತು. ಎಲ್ಲದರ ಮುಂದೆಯೂ "ಔಷಧಿ ಕೆಲಸ ಮಾಡಿದೆ" ಎಂದಿತ್ತು. ಅದರ ಪಕ್ಕದ ಸಾಲಿನಲ್ಲಿ, ನಲವತ್ತು ಸಲವೂ, ನನ್ನ ಲಾಗಿನ್ ಹೆಸರು.

ಅಕ್ಕ ಇಂಗ್ಲಿಷಿನಲ್ಲಿ ಮಾತಾಡಿದರು. ಯಂತ್ರದ್ದು ತಪ್ಪಿಲ್ಲ, ಅದಕ್ಕೆ ಪಾಠ ಹೇಳಿದ ಉತ್ತರಗಳಲ್ಲೇ ತಪ್ಪಾಗಿದೆ, ಟೆಕ್ನಿಷಿಯನ್ ಮಟ್ಟದಲ್ಲಿ ಆದದ್ದು, ಇನ್ನು ಮುಂದೆ ಎರಡು ಬಾರಿ ಪರಿಶೀಲಿಸುತ್ತೇವೆ ಎಂದರು. ಟೆಕ್ನಿಷಿಯನ್ ಎಂದರೆ ನಾನು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಅಕ್ಕ ಮಾತ್ರ ನೋಡಲಿಲ್ಲ. ಕೈಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ನಿರ್ದೇಶಕರು, "ಏನಾದ್ರೂ ಹೇಳೋದಿದ್ಯಾ?" ಎಂದು ಕೇಳಿದರು. ನನ್ನ ಬಾಯಿಂದ ಹೊರಟಿದ್ದು, "ಇಲ್ಲ ಸಾರ್."

ಯಾಕೆ ಹಾಗಂದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನಿಜ ಹೇಳುವುದಾದರೆ, ಆ ಕ್ಷಣ ನನಗೆ ನನ್ನ ಮೇಲೇ ಅನುಮಾನ ಬಂತು. ಅಕ್ಕ ಸುಳ್ಳು ಹೇಳುತ್ತಾರೆ ಎಂದು ನಂಬುವುದಕ್ಕಿಂತ ನನ್ನ ಬೆರಳು ತಪ್ಪು ಗುಂಡಿ ಒತ್ತಿತು ಎಂದು ನಂಬುವುದು ಸುಲಭವಾಗಿತ್ತು. ಮದುವೆಯ ಗಡಿಬಿಡಿಯಲ್ಲಿ ಸಾಲು ತಪ್ಪಿದೆನೇ? ಮೆಟ್ರೊದಲ್ಲಿ ನಿಂತು ಬೆರಳುಗಳನ್ನೇ ನೋಡಿಕೊಂಡು ಬಂದೆ.

ಮನೆಯಲ್ಲಿ ಎಲ್ಲ ಹೇಳಿದೆ. ನನ್ನ ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗ ಪರೀಕ್ಷಿಸುವ ಇನ್‌ಸ್ಪೆಕ್ಟರು. ಕೇಳಿ ಮುಗಿಸಿ ಒಂದೇ ಪ್ರಶ್ನೆ ಹಾಕಿದರು.

"ನಿನ್ ಪಾಸ್‌ವರ್ಡ್ ಇನ್ಯಾರಿಗಾದ್ರೂ ಗೊತ್ತಾ?"

ನಾನು ತಟ್ಟೆ ತೊಳೆಯಲು ಎದ್ದೆ.

"ನಮ್ಮಲ್ಲಿ ಒಬ್ಬೊಬ್ರಿಗೂ ಒಂದೊಂದ್ ನಂಬರ್ ಸ್ಟಾಂಪ್ ಇರುತ್ತೆ. ಹೆಂಡ್ತಿ ಕೇಳಿದ್ರೂ ಕೊಡಲ್ಲ. ಅದ್ ಕೊಟ್ರೆ ನಮ್ ಕೈನೇ ಕಡಿದು ಕೊಟ್ಟಂಗೆ" ಎಂದರು. ಅವರ ಮೇಲೆ ರೇಗಿದೆ. ಅಕ್ಕ ಅಂಥವರಲ್ಲ ಎಂದು ಕೂಗಾಡಿದೆ. ಮಗಳು ಹೋಂವರ್ಕ್ ಬಿಟ್ಟು ಬಂದು ನೋಡಿದಳು.

ಮೂರು ದಿನ ಬಿಟ್ಟು ಎಂಜಿನಿಯರ್ ನನ್ನನ್ನು ಪಾರ್ಕಿನ ಹೊರಗಿನ ಟೀ ಅಂಗಡಿಗೆ ಕರೆದರು. ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಯಾವ ಉತ್ತರ ಯಾವಾಗ, ಯಾವ ಕಂಪ್ಯೂಟರಿನಿಂದ ಬದಲಾಯಿತು ಎಂಬ ದಾಖಲೆ. ನಾನು ಮೊದಲು "ಔಷಧಿಯೇ ವಿಷ" ಎಂದು ಒತ್ತಿದ್ದ ನಲವತ್ತೂ ಅದರಲ್ಲಿದ್ದವು. ಅವು ಬದಲಾದ ದಿನ ನಾನು ತುಮಕೂರಿನ ಛತ್ರದಲ್ಲಿ ಎಲೆ ಹಾಕುತ್ತಿದ್ದೆ. ಲಾಗಿನ್ ನನ್ನದು. ಕಂಪ್ಯೂಟರ್ ಅಕ್ಕನ ಕೋಣೆಯದು.

"ಮೀಟಿಂಗ್‌ನಾಗ ನೀವು ಇಲ್ಲ ಅಂದ್ರಲ್ರಿ, ನನಗ ಖರೇನ ಅನ್ನಿಸ್ಲಿಲ್ಲ" ಎಂದರು. "ಅಂಚಿನ ಗುಳಿ ಕಂಡುಹಿಡ್ದೋರು ಇಷ್ಟ್ ದೊಡ್ಡ ಗುಳ್ಳಿ ಬಿಡ್ತಾರೇನು? ಹಂಗಂತ ಹುಡುಕಿದೆ. ಆದ್ರ ನಾ ಕೊಟ್ಟೀನಿ ಅಂತ ಹೇಳಬ್ಯಾಡ್ರಿ ಮೇಡಂ. ನನಗೂ ಇಲ್ಲೇ ಇರಬೇಕಾಗ್ಯದ."

ಹೇಳುವುದಿಲ್ಲ ಎಂದೆ. ಟೀ ಆರಿಹೋಗಿತ್ತು.

ಮರುದಿನ ಅಕ್ಕನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಾಗದವನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. ಅವರು ಓದಿದರು. ಅಲ್ಲಗಳೆಯಲಿಲ್ಲ. ಅಲ್ಲಗಳೆದಿದ್ದರೆ ಚೆನ್ನಾಗಿತ್ತೇನೋ.

"ಪ್ರಾಜೆಕ್ಟ್ ನಿಂತೋಗ್ತಿತ್ತು ಕಣೇ. ಸ್ವಲ್ಪ ಟೈಮ್ ಸಿಕ್ಕಿದ್ರೆ ಇನ್ನೊಂದು ಒಳ್ಳೇ ಕಾಂಪೌಂಡ್ ಸಿಗುತ್ತೆ, ಇದನ್ನ ಮೆತ್ತಗೆ ಹಿಂದಕ್ಕೆ ತಗೋಬಹುದು ಅಂದ್ಕೊಂಡೆ. ಬೇರೇದು ಸಿಗ್ಲೇ ಇಲ್ಲ. ಎಲ್ಲರ ಕೆಲಸಾನೂ ಅದ್ರ ಮೇಲಿತ್ತು. ನಿಂದೂ."

"ಸರಿ ಅಕ್ಕ. ಬದಲಾಯ್ಸಿದ್ರಿ. ನಿಮ್ಮ ಲಾಗಿನ್‌ನಲ್ಲೇ ಬದಲಾಯ್ಸಬಹುದಿತ್ತಲ್ಲ?"

ಅವರು ಕಾಗದವನ್ನು ನನ್ನ ಕಡೆ ಸರಿಸಿದರು.

"ಬೇರೆ ಯಾರದ್ದಾದ್ರೂ ಹಾಕಿದ್ರೆ ಗಲಾಟೆ ಮಾಡ್ತಿದ್ರು" ಎಂದರು ಕೊನೆಗೆ. "ನೀನಾದ್ರೆ ಅರ್ಥ ಮಾಡ್ಕೋತೀಯ ಅಂದ್ಕೊಂಡೆ."

ಇದನ್ನು ಅವರು ಪ್ರೀತಿಯ ಮಾತಿನಂತೆಯೇ ಹೇಳಿದರು. ಹುಳಿಸೊಪ್ಪು ಇನ್ನಷ್ಟು ಹಾಕು ಎನ್ನುವ ದನಿಯಲ್ಲಿ. ಇಷ್ಟು ವರ್ಷದ ನಂಟಿನಲ್ಲಿ ಅವರು ನನ್ನನ್ನು ಸರಿಯಾಗಿಯೇ ಅಳೆದಿದ್ದರು. ಯಾರ ಮೇಲೆ ಹಾಕಿದರೆ ಸದ್ದಾಗುವುದಿಲ್ಲ ಎಂದು ತಿಳಿದೇ ಹಾಕಿದ್ದರು.

"ಅಕ್ಕ, ಯಂತ್ರ ಈ ನಲವತ್ತನ್ನೂ ಕಲಿತುಬಿಟ್ಟಿದೆ" ಎಂದೆ. "ಇನ್ಮೇಲೆ ಎಲ್ಲಿ ಗುಳ್ಳೆ ಕಂಡ್ರೂ ಒಳ್ಳೇದು ಅಂತಾನೇ ಹೇಳುತ್ತೆ. ನಾನು ಹೇಳ್ಕೊಟ್ಟೆ ಅಂತ ಹೇಳುತ್ತೆ."

ಕಾಗದ ಮಡಿಸಿಕೊಂಡು ಹೊರಗೆ ಬಂದು, ನಿರ್ದೇಶಕರಿಗೆ ಮೇಲ್ ಬರೆದೆ. ಎರಡೇ ವಿಷಯ ಕೇಳಿದೆ. ನನ್ನ ನಲವತ್ತು ಉತ್ತರಗಳನ್ನು ಮೊದಲಿದ್ದ ಹಾಗೆ ಮಾಡಿ ಯಂತ್ರಕ್ಕೆ ಮತ್ತೆ ಕಲಿಸಬೇಕು. ತಪ್ಪು ನನ್ನದಲ್ಲ ಎಂದು ಅದೇ ಜನರ ಮುಂದೆ ಹೇಳಬೇಕು.

ವಿಚಾರಣೆಗೆ ಕರೆದರು. ಎಚ್‌ಆರ್‌ನವರು ಕೇಳಿದರು, "ಪಾಸ್‌ವರ್ಡ್ ಕೊಟ್ಟಿದ್ದು ನಿಮ್ಮದೂ ತಪ್ಪಲ್ವಾ ಮೇಡಂ?" ಹೌದು ಎಂದೆ. ದಾಖಲೆ ಕೊಟ್ಟವರು ಯಾರು ಎಂದರು. ಹೇಳಲಿಲ್ಲ. ಆಗ ಗೋಡೆಯ ಬದಿಯಲ್ಲಿ ಕೂತಿದ್ದ ಎಂಜಿನಿಯರ್ ಎದ್ದು ನಿಂತು, "ನಾನ ಕೊಟ್ಟೀನ್ರಿ" ಎಂದರು. ಅವರನ್ನು ನಾನು ಎಂದೂ ಅಣ್ಣ ಎಂದು ಕರೆದವಳಲ್ಲ. ಮನೆಗೆ ಊಟಕ್ಕೆ ಕರೆದವಳೂ ಅಲ್ಲ.

ಉತ್ತರಗಳನ್ನು ಸರಿಮಾಡಿದರು. ಯಂತ್ರಕ್ಕೆ ಗುಳ್ಳೆ ಗುರುತಿಸುವುದನ್ನು ಬೇರೆಯಾಗಿ ಕಲಿಸಲು ಐದನೇ ಗುಂಡಿ ಸೇರಿಸಿದರು. ಅದನ್ನು ಮೂರು ತಿಂಗಳು ಒತ್ತಿದವಳೂ ನಾನೇ. ಆದರೆ ಅದೇ ಜನರ ಮುಂದೆ ಯಾರೂ ಏನೂ ಹೇಳಲಿಲ್ಲ. ಎಲ್ಲರಿಗೂ ಕಳಿಸಿದ ಇ-ಮೇಲ್‌ನಲ್ಲಿ "ಕಾರ್ಯವಿಧಾನದ ಲೋಪ" ಎಂದಿತ್ತು. ಪಾಸ್‌ವರ್ಡ್ ಹಂಚಿಕೊಂಡದ್ದಕ್ಕೆ ನನಗೆ ಎಚ್ಚರಿಕೆ ಪತ್ರ ಕೊಟ್ಟರು. ಅಕ್ಕನಿಗೆ ಏನು ಕೊಟ್ಟರೋ ತಿಳಿಯಲಿಲ್ಲ, ಕೆಲವು ವಾರದಲ್ಲಿ ಅವರೇ ಬಿಟ್ಟು ಹೋದರು. ಬೀಳ್ಕೊಡುಗೆಗೆ ಕೇಕ್ ತಂದಿದ್ದರು. ನನಗೂ ಒಂದು ತುಂಡು ಬಂತು, ತಿನ್ನಲಾಗಲಿಲ್ಲ. ಗುಳ್ಳೆಯನ್ನೂ ಕಲಿತ ಯಂತ್ರದ ಮುಂದೆ ನಾವು ಐವರು ಟೆಕ್ನಿಷಿಯನ್ನರೂ ಕೂರುವ ಅಗತ್ಯವಿರಲಿಲ್ಲ, ಇಬ್ಬರು ಸಾಕೆಂದರು. ಆ ಇಬ್ಬರಲ್ಲಿ ನಾನಿರಲಿಲ್ಲ.

ಈಗ ಪೀಣ್ಯದಲ್ಲಿ ಕಾರ್ಖಾನೆಗಳ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಕೆಲಸ ಕೆಟ್ಟದ್ದೇನಲ್ಲ. ಇಲ್ಲಿ ಯಾರನ್ನೂ ನಾನು ಅಕ್ಕ ಎನ್ನುವುದಿಲ್ಲ, ಎಲ್ಲರೂ ಮೇಡಂಗಳೇ. ಊಟವನ್ನು ನನ್ನ ಮೇಜಿನಲ್ಲೇ ಮುಗಿಸುತ್ತೇನೆ. ಹೊಸಬಳೊಬ್ಬಳು ಮೊನ್ನೆ ತನ್ನ ಡಬ್ಬಿಯಿಂದ ಮಾವಿನಕಾಯಿ ಚಿತ್ರಾನ್ನ ತಂದು ಮುಂದಿಟ್ಟಳು. ಬೇಡ ಎಂದುಬಿಟ್ಟೆ. ಆಮೇಲೆ ಅವಳ ಮುಖ ನೋಡಿ ನಾಚಿಕೆಯಾಯಿತು.

ಕಳೆದ ತಿಂಗಳು ಒಂದು ಭಾನುವಾರ ಫೋನ್ ಬಂತು. ಮಗಳು ಎತ್ತಿ, ಖುಷಿಯಿಂದ, "ಅಮ್ಮಾ, ದೊಡ್ಡಮ್ಮ!" ಎಂದು ಓಡಿಬಂದಳು. ಅವಳಿಗೆ ನಾನು ಏನನ್ನೂ ಹೇಳಿಲ್ಲ.

"ಹೇಗಿದ್ದೀಯ?" ಎಂದರು ಅಕ್ಕ. ಸರ್ಜಾಪುರದ ಕಡೆ ಹೊಸ ಲ್ಯಾಬ್ ಕಟ್ಟುತ್ತಿದ್ದಾರಂತೆ. ಯಂತ್ರಗಳು ಬಂದಿವೆ, ಚಿತ್ರ ನೋಡಲು ಗೊತ್ತಿರುವವರಿಲ್ಲ. "ಹಳೇದೆಲ್ಲ ಬಿಡು, ಬಂದ್ಬಿಡು" ಎಂದರು.

"ಆವತ್ತು ಮೀಟಿಂಗಲ್ಲಿ ಒಂದ್ಸಲ ನನ್ನ ಕಡೆ ನೋಡಿದ್ರೆ, ನಾನೇ ನಂದೇ ತಪ್ಪು ಅಂತ ಒಪ್ಕೊಂಡು ಸುಮ್ನಾಗ್ತಿದ್ದೆ ಅಕ್ಕ" ಎಂದೆ. ಹೇಳಿದ ಮೇಲೆ ಅದು ನಿಜವೆಂದು ತಿಳಿದು ನನಗೇ ಭಯವಾಯಿತು.

"ಅಮ್ಮ ಹೇಗಿದ್ದಾರೆ?" ಎಂದು ಕೇಳಿದರು ಅಕ್ಕ.

"ಗೋಡೆ ಹಿಡ್ಕೊಂಡು ನಡೀತಾರೆ."

"ಕೇಳ್ದೆ ಅಂತ ಹೇಳು."

ಹೂಂ ಎಂದು ಇಟ್ಟೆ. ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅವರೂ ಮತ್ತೆ ಕೇಳಲಿಲ್ಲ. ಒಳಗೆ ಹೋಗಿ ಅಮ್ಮನಿಗೆ ಯಾರು ಫೋನ್ ಮಾಡಿದ್ದರೆಂದು ತಿಳಿಸಿದೆ. "ಒಳ್ಳೇ ಹೆಣ್ಮಗಳು" ಎಂದರು ಅಮ್ಮ. ನಾನು ಅಲ್ಲವೆನ್ನಲಿಲ್ಲ.